ಥೂಗುಡ್ಡೆ

ನಮ್ಮೂರ ಹೊರಗೆ, ಬಂಡೆಗುಡ್ಡದ ಬುಡದಲ್ಲಿ, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬಂದು ತಂಗುವ ದೊಡ್ಡ ಹೋಂಸ್ಟೇ ಎದ್ದಿದೆ. ಬಂದವರನ್ನು ಸುತ್ತಾಡಿಸಲು ಮಾಲೀಕ ತಿಪ್ಪೇಶ ತಾನೇ ಹೊರಡುತ್ತಾನೆ. ಕೆರೆ ಏರಿ, ಪಾಳು ಮಂಟಪ, ಕೊನೆಗೆ ಗುಡ್ಡದ ಅರ್ಧ ದಾರಿಯಲ್ಲಿರುವ ಆಳೆತ್ತರದ ಕಲ್ಲಿನ ರಾಶಿ. ಅದರ ಪಕ್ಕ 'ಹರಕೆಗುಡ್ಡೆ' ಎಂದು ಬೋರ್ಡು ನೆಟ್ಟಿದ್ದಾನೆ. ಪ್ರವಾಸಿಗಳು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಏನೋ ಬೇಡಿಕೊಂಡು, ಕಲ್ಲಿನ ಮೇಲೆ ಕಲ್ಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಿದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಅದರ ನಿಜವಾದ ಹೆಸರು ಥೂಗುಡ್ಡೆ.

ಹಿಂದೆ ಒಮ್ಮೆ, ದಂಡುಗಳು ಊರೂರು ಸೂರೆ ಮಾಡುತ್ತಿದ್ದ ಕಾಲದಲ್ಲಿ, ಬೊಮ್ಮಲಿಂಗನೆಂಬ ಗೌಡ ಈ ಊರನ್ನು ಆಳುತ್ತಿದ್ದನಂತೆ. ಆಳುತ್ತಿದ್ದ ಎನ್ನುವುದು ದೊಡ್ಡ ಮಾತು. ಹೊಗಳಿಸಿಕೊಳ್ಳುವುದೇ ಅವನ ಕಸುಬು. ಗುಡ್ಡದಲ್ಲಿ ಒಂದು ಗವಿಯಿದೆ. ಎಲ್ಲಿ ಎಂದು ನಾನು ಬರೆಯುವುದಿಲ್ಲ. ದಂಡಿನ ಸುದ್ದಿ ಸಿಕ್ಕರೆ ಹೆಂಗಸರು, ಮಕ್ಕಳು, ಬಿತ್ತನೆಯ ಕಾಳು ಎಲ್ಲವೂ ಅದರೊಳಗೆ. ಹೊರಗಿನವರಿಗೆ ಅದನ್ನು ತೋರಿಸುವುದಿಲ್ಲವೆಂದು ಊರೆಲ್ಲ ದೀಪ ಮುಟ್ಟಿ ಆಣೆ ಮಾಡಿತ್ತು, ಎಲ್ಲರಿಗಿಂತ ಮೊದಲು ಗೌಡನೇ. ಒಂದು ದಿನ ಕುದುರೆ ವ್ಯಾಪಾರಿಗಳೆಂದು ಹೇಳಿಕೊಂಡು ನಾಲ್ವರು ಬಂದರು. ಗೌಡ ಹೋಳಿಗೆ ಉಣ್ಣಿಸಿ ಸುತ್ತಲ ಸೀಮೆಯನ್ನೆಲ್ಲ ತೋರಿಸಿದ. ಈಗ ಗುಡ್ಡೆಯಿರುವ ಜಾಗಕ್ಕೆ ಬಂದಾಗ ಅವರಲ್ಲೊಬ್ಬ ಆಕಳಿಸಿ, "ಇಷ್ಟೇನಾ ಇಲ್ಲಿ ನೋಡೋಕಿರೋದು?" ಎಂದ. ಆ ಒಂದು ಮಾತನ್ನು ಗೌಡನಿಗೆ ತಡೆದುಕೊಳ್ಳಲಾಗಲಿಲ್ಲ. ಗವಿಯ ಕಡೆ ಬೆರಳು ತೋರಿಸಿಬಿಟ್ಟ. ಯಾರೂ ಲಂಚ ಕೊಟ್ಟಿರಲಿಲ್ಲ, ಕತ್ತಿ ಹಿರಿದಿರಲಿಲ್ಲ. ಅಂಥ ಕಾರಣವಾದರೂ ಇದ್ದಿದ್ದರೆ ಕ್ಷಮಿಸಬಹುದಿತ್ತು.

ಸುಗ್ಗಿ ಮುಗಿಯುವಷ್ಟರಲ್ಲಿ ದಂಡು ಬಂತು, ಮುಂದೆ ಅದೇ ನಾಲ್ವರು. ಊರನ್ನು ಮುಟ್ಟದೆ ನೇರ ಗವಿಗೆ ಹೋಗಿ ಒಳಗಿದ್ದವರನ್ನು ಹಗ್ಗ ಕಟ್ಟಿ ಎಳೆದೊಯ್ದರು. ಗುಡ್ಡ ಹತ್ತಲಾರದೆ ಊರಲ್ಲೇ ಉಳಿದಿದ್ದ ಕಾಟವ್ವನೆಂಬ ಮುದುಕಿಯ ಒಬ್ಬಳೇ ಮಗಳು, ಸೊಂಟದ ಕೂಸಿನ ಸಮೇತ, ಮರಳಿ ಬರಲಿಲ್ಲ. ಜನ ಗೌಡನನ್ನು ಅವನು ಬೆರಳು ತೋರಿಸಿದ ಜಾಗಕ್ಕೇ ಎಳೆತಂದರು. "ಬಂದ ನೆಂಟ್ರು ಕೇಳಿದ್ರು, ಏನೂ ಇಲ್ಲ ಅನ್ನೋಕೆ ನಾಚಿಕೆ ಆತು," ಎಂದನಂತೆ ಆ ಪುಣ್ಯಾತ್ಮ. ಕಲ್ಲೆತ್ತಿದವರನ್ನು ಕಾಟವ್ವ ತಡೆದಳು. "ಇವನಿಗೆ ಹೊಡೀಬ್ಯಾಡ್ರಪ್ಪ, ಸತ್ರೆ ಮರ್ತುಬಿಡ್ತೀರ. ಇವ್ನು ನಿಂತ ಜಾಗಕ್ಕೆ ಹಾಕ್ರಿ. ಹೋಗ್ತಾ ಬರ್ತಾ ಒಂದೊಂದು ಕಲ್ಲು ಹಾಕಿ ಥೂ ಅನ್ರಿ. ಗುಡ್ಡೆ ಬೆಳೀತಾನೇ ಇರ್ಲಿ." ಗೌಡ ಬಹಳ ಕಾಲ ಬದುಕಿದ, ಅದು ಬೆಳೆಯುವುದನ್ನು ಮನೆಯ ಜಗಲಿಯಿಂದ ನೋಡುತ್ತಲೇ ಬದುಕಿದ ಎನ್ನುತ್ತಾರೆ.

ನಮ್ಮವರು ಈಗ ಬೈಕಿನಲ್ಲಿ ಗುಡ್ಡ ಬಳಸಿಕೊಂಡು ಹೋಗುತ್ತಾರೆ, ಕಲ್ಲು ಹಾಕಲು ಪುರುಸೊತ್ತಿಲ್ಲ. ಕಾಟವ್ವನ ಮಾತನ್ನು ನಡೆಸುತ್ತಿರುವವರು ತಿಪ್ಪೇಶನ ಅತಿಥಿಗಳೇ, ಪಾಪ, ಕೈ ಮುಗಿದು. ಮೊನ್ನೆ ಭಾನುವಾರ ನಾನು ಅಲ್ಲೇ ಕೂತಿದ್ದೆ. ಕಲ್ಲಿಟ್ಟು ಮುಗಿಸಿದ ಗುಂಪಿನಲ್ಲಿ ಟೋಪಿಯವನೊಬ್ಬ ಮೊಬೈಲಿನಿಂದ ಕಣ್ಣೆತ್ತದೆ, "ಇಷ್ಟೇನಾ ಇಲ್ಲಿ ನೋಡೋಕಿರೋದು?" ಎಂದ. ತಿಪ್ಪೇಶನ ಮುಖ ಸಣ್ಣದಾಯಿತು. ಗವಿ ತೋರಿಸುವುದಿಲ್ಲವೆಂದು ಅವನೂ ದೀಪ ಮುಟ್ಟಿದವನೇ. ಆ ಆಣೆಯನ್ನು ನಮ್ಮೂರು ಇನ್ನೂ ಬಿಟ್ಟಿಲ್ಲ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಬೆರಳೆತ್ತಿದ. ಗುಂಪು ಕೂಗಾಡುತ್ತ ಮೇಲೆ ಹತ್ತಿತು. ಅವರಿಟ್ಟ ಕಲ್ಲುಗಳು ಗುಡ್ಡೆಯ ನೆತ್ತಿಯಲ್ಲಿ ಒಪ್ಪವಾಗಿ ಕೂತಿದ್ದವು. ಅವುಗಳ ಮೇಲೆ ನಾನೂ ಒಂದು ಹಾಕಿದೆ, ಅವರು ಹೇಳದೆ ಬಿಟ್ಟಿದ್ದ ಮಾತನ್ನು ಜೋರಾಗಿ ಹೇಳಿದೆ. ಗುಂಪಿನಲ್ಲಿ ತಿರುಗಿ ನೋಡಿದವನು ತಿಪ್ಪೇಶ ಒಬ್ಬನೇ.