ಎಲ್ಲಿಗೆ ಎಂದು ಕೇಳಿದ ಕಾರು

ಒಂದಾನೊಂದು ಊರಿನಲ್ಲಿ, ಆ ಊರು ಈಗ ಎಲ್ಲಿದೆ ಎಂದು ನನ್ನನ್ನು ಪೀಡಿಸಬೇಡಿ, ಕೆಂಪಾಜಮ್ಮ ಅನ್ನುವ ಇನ್ನೂ ಅಜ್ಜಿಯಾಗದ ಅಜ್ಜಿ ಇದ್ದಳು. ಅವಳು ಏಳು ಬೆಟ್ಟದಾಚೆಯ ವ್ಯಾಪಾರಿಯಿಂದ ಮಾತಾಡುವ ಕಾರು ಕೊಂಡಳು. ವ್ಯಾಪಾರಿ ಕಾರು ಕೊಟ್ಟ, ಹಗ್ಗ ಕೊಡಲಿಲ್ಲ. ಹಸು ಮಾರಿದವರು ಹಗ್ಗ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಆದರೆ ಇದು ಕಣ್ಣಿಗೆ ಕಾಣದ ಹಗ್ಗ, ಒಂದು ತುದಿ ಕಾರಿನ ಕೊರಳಲ್ಲೇ ಇತ್ತು. ಅವನು ಅಲ್ಲಿ ಜಗ್ಗಿದರೆ ಕಾರು ಇಲ್ಲಿ ನಿಲ್ಲುತ್ತಿತ್ತು.

ಆ ದೇಶದ ರಾಜನಿಗೆ ಯಾರು ಎಲ್ಲಿಗೆ ಹೋದರೆಂದು ತಿಳಿಯದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಕೆಟ್ಟವನಲ್ಲ ಪಾಪ, ಒಂಟಿ ಮನುಷ್ಯ. ವ್ಯಾಪಾರಿಗೆ ಹೇಳಿ ಎಲ್ಲ ಕಾರುಗಳಿಗೂ ಹಗ್ಗದಲ್ಲಿ ಅಪ್ಪಣೆ ಕಳಿಸಿದ: "ಹೋಗುವವರನ್ನು ಎಲ್ಲಿಗೆ ಎಂದು ಕೇಳದೆ ಚಕ್ರ ತಿರುಗಿಸಬೇಡ."

ಕೆಂಪಾಜಮ್ಮನ ಮಗಳು ದೂರದೂರಿನಲ್ಲಿ ತುಂಬು ಬಸುರಿ. ಹೆರಿಗೆಗೆ ಕರೆತರಬೇಕು. ಅಜ್ಜಿ ಕಾರು ಹತ್ತಿದಳು.

"ಎಲ್ಲಿಗೆ?" ಅಂದಿತು ಕಾರು.

"ಹೊರಟವರನ್ನ ಎಲ್ಲಿಗೆ ಅನ್ನಬಾರ್ದು ಕಣಪ್ಪ. ದೂರ ಹೊರಟ್ರಾ ಅನ್ಬೇಕು."

ಅಪಶಕುನವಾಯಿತಲ್ಲ. ಇಳಿದಳು, ಒಳಗೆ ಹೋದಳು, ನೀರು ಕುಡಿದಳು, ಸ್ವಲ್ಪ ಕೂತಳು, ಮತ್ತೆ ಬಂದು ಹತ್ತಿದಳು.

"ಎಲ್ಲಿಗೆ?" ಅಂದಿತು ಕಾರು.

ಎಲ್ಲರ ಕಾರೂ ಹಾಗೇ ಕೇಳಿತು. ಊರಿಗೆ ಊರೇ ಇಳಿಯಿತು, ನೀರು ಕುಡಿಯಿತು, ಹತ್ತಿತು, ಇಳಿಯಿತು. ಬಾವಿ ಬತ್ತಿತು. "ಈಗ ನನಗೇ ಬಾಯಾರಿಕೆ" ಅಂದಿತು ಬಾವಿ.

ಅಜ್ಜಿ ಹಗ್ಗಕ್ಕೆ ಬಾಯಿಟ್ಟು ಕೂಗಿದಳು. "ಅಪ್ಪಣೆ ರಾಜನದು" ಅಂದ ವ್ಯಾಪಾರಿ. "ಹಗ್ಗ ವ್ಯಾಪಾರಿಯದು" ಅಂದ ರಾಜ. ಇತ್ತ ಮಗಳ ದಿನ ತುಂಬುತ್ತಿತ್ತು. ಕೂಸನ್ನು ಮೊದಲು ಎತ್ತಿಕೊಳ್ಳುವ ಕೈ ತನ್ನದಾಗುವುದಿಲ್ಲವಲ್ಲ ಎಂದು ಅಜ್ಜಿಗೆ ಅಳು ಬಂತು. ನಡೆದೇ ಹೋಗೋಣವೆಂದು ಕಣ್ಣೊರೆಸಿಕೊಂಡು ಇಳಿದಳು. ಅಭ್ಯಾಸಬಲ, ಕಾರಿಗೂ ಹೇಳಿದಳು, "ಬರ್ತೀನಿ ಕಣಪ್ಪ."

"ಹೋಗ್ತಿಲ್ವಾ?" ಕಾರಿಗೆ ಗಲಿಬಿಲಿ.

"ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ? ಬಿಡ್ತು ಅನ್ನು. ಬರ್ತೀನಿ."

"ಕೇಳಬೇಕಾದ್ದು ಹೋಗೋರನ್ನ. ಬರೋರ ಮಾತೇ ಅಪ್ಪಣೇಲಿಲ್ಲ. ಹತ್ತಮ್ಮ," ಅಂದು ಕಾರು ಹೊರಟೇಬಿಟ್ಟಿತು.

ಊರವರೂ ಕಲಿತರು. ಹಗ್ಗದ ತುಂಬ ಬರ್ತೀನಿ, ಬರ್ತೀನಿ. ದೇಶವೇ ತನ್ನ ಮನೆಗೆ ಬರುತ್ತಿದೆ ಎಂದು ರಾಜ ಹಿಗ್ಗಿದ. ಹಂಡೆ ತುಂಬ ಪಾಯಸ ಮಾಡಿಸಿ ಬಾಗಿಲಲ್ಲಿ ನಿಂತ. ಯಾರೂ ಬರಲಿಲ್ಲ. ಸಿಟ್ಟಿನಿಂದ ಹಗ್ಗ ಜಗ್ಗಿಸಿದ.

ಮಗಳನ್ನು ಕರೆತರುತ್ತಿದ್ದ ಅಜ್ಜಿಯ ಕಾರು ನಡುದಾರಿಯಲ್ಲಿ ನಿಂತಿತು. "ಬರ್ತೀನಿ ಅಂದೋರು ಯಾರೂ ಬಂದಿಲ್ವಂತೆ. ಇಲ್ಲಿ ನಿಜವಾಗಿ ಬರೋರು ಒಬ್ಬರಾದ್ರೂ ಇದ್ದೀರಾ?"

"ನಾನು ಬರ್ತೀನಿ," ಅಂದಿತು ಮಗಳ ಹೊಟ್ಟೆಯೊಳಗಿಂದ ಒಂದು ಸಣ್ಣ ದನಿ. ಹೇಳಿದ ಹಾಗೆ ಬಂದೇಬಿಟ್ಟಿತು. ನೇರ ಅಜ್ಜಿಯ ಕೈಗೇ ಬಂತು.

ಸುದ್ದಿ ಕೇಳಿ ರಾಜನ ಕಣ್ಣು ತುಂಬಿತು. ಪಾಯಸ ಹೇರಿಕೊಂಡು ಕೂಸು ನೋಡಲು ತಾನೇ ಕಾರು ಹತ್ತಿದ. "ಎಲ್ಲಿಗೆ?" ಅಂದಿತು ಅವನ ಕಾರು. ಹೊರಡುವಾಗ ಬರ್ತೀನಿ ಅನ್ನುವ ಅಭ್ಯಾಸವೇ ಅವನಿಗಿರಲಿಲ್ಲ. ಅನ್ನಲು ಮನೆಯಲ್ಲಿ ಯಾರಿದ್ದರು? ಇಳಿದು, ಎಲ್ಲ ಕಾರುಗಳ ಹಗ್ಗವನ್ನೂ ತಾನೇ ಬಿಚ್ಚಿಸಿದ.

ಆ ಹಗ್ಗದಲ್ಲಿ ಕೂಸಿಗೆ ತೊಟ್ಟಿಲು ಕಟ್ಟಿದರು. ರಾಜ ಈಗ ದಿನಾ ಬಂದು ಅದನ್ನೇ ಜಗ್ಗುತ್ತಾನೆ. ಹೊರಡುವಾಗ "ಬರ್ತೀನಿ" ಅನ್ನುತ್ತಾನೆ, ಮಾರನೇ ದಿನ ಬರುತ್ತಾನೆ. ವ್ಯಾಪಾರಿ ಇನ್ನೂ ಹಗ್ಗ ಹುಡುಕುತ್ತಿದ್ದಾನೆ.

ಕತೆಯ ನೀತಿ: ಮಾರಿದ ಮೇಲೆ ಹಗ್ಗ ಬಿಡಬೇಕು, ಬಿಡಲಾರದವನು ತೊಟ್ಟಿಲಾದರೂ ತೂಗಬೇಕು. ನಾನಿನ್ನು ಬರ್ತೀನಿ. ಎಲ್ಲಿಗೆ ಅಂತ ಕೇಳಬೇಡಿ, ನಿಮ್ಮ ಮನೆ ನೀರೇ ಖರ್ಚಾಗುತ್ತೆ.