ಹಿತ್ತಲ ಅಣ್ಣೆ ಸೊಪ್ಪು

ಶಿವನಂಜನಿಗೆ ಕಸ ಕಂಡರೆ ಮೈಯೆಲ್ಲ ಉರಿ. ಮರುಳಯ್ಯನವರ ಮಠಕ್ಕೆ ಬಂದು ಸೇರಿದ್ದು ಜ್ಞಾನಕ್ಕೆ. ಪುಣ್ಯಾತ್ಮ ಹಿಡಿದದ್ದು ಪೊರಕೆ.

ಮಠದ ಹಿತ್ತಲು ಮಾತ್ರ ಅವನಿಗೆ ಕಣ್ಣಿಗೆ ಮುಳ್ಳಾಗಿತ್ತು. ಎದೆಯುದ್ದ ಅಣ್ಣೆ ಸೊಪ್ಪು, ತುದಿಗೆಲ್ಲ ಬಿಳಿ ತೆನೆ. ಬೀಜಕ್ಕೆ ಮುತ್ತಿಕೊಂಡ ರಾಟವಾಳ ಹಕ್ಕಿಗಳು, ಬುಡದಲ್ಲಿ ಮೊಲ.

ಗುರುಗಳು ಪಕ್ಕದೂರಿಗೆ ಹೋದ ದಿನ, ಗುದ್ದಲಿ ಹಿಡಿದು ಅಷ್ಟನ್ನೂ ಬುಡಸಮೇತ ಕಿತ್ತು ಹೊಳೆಗೆ ಎಸೆದ. ಸಂಜೆ ಅವರು ಮರಳುತ್ತಲೇ ಎದುರಿಗೆ ಓಡಿದ.

"ಬುದ್ಧಿ, ಹಿತ್ತಲು ನೋಡಿ ಬನ್ನಿ!"

ಮರುಳಯ್ಯನವರು ನೋಡಿದರು. ಗೋಡೆ ಹಿಡಿದುಕೊಂಡರು.

"ಯಾರಪ್ಪಾ ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲ ಬುದ್ಧಿ. ಬರೀ ಕಳೆ, ನಾನೇ ಕಿತ್ತೆ."

ಗುರುಗಳು ಅವತ್ತು ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಕು ಹರಿಯುವಾಗ ಬೇಲಿಯ ಹತ್ತಿರ ಚಿಕ್ಕತಾಯಿ ನಿಂತಿದ್ದಳು. ನೇಕಾರರ ಹೆಂಗಸು. ಗಂಡ ಸತ್ತು, ಮಗ್ಗವೂ ಹೋಗಿ, ಎರಡು ಮಕ್ಕಳು ಉಳಿದಿದ್ದವು. ದಿನದ ಹಾಗೆ, ಮಠದವರು ಏಳುವ ಮುಂಚೆ ಸೊಪ್ಪಿನ ಕುಡಿ ಚಿವುಟಿಕೊಳ್ಳಲು ಮಡಿಲು ಕಟ್ಟಿಕೊಂಡು ಬಂದಿದ್ದಳು.

"ಏನಮ್ಮಾ, ಹಸಿವಾ? ಮುಂಬಾಗಿಲಿಗೆ ಬಾ, ಪ್ರಸಾದ ಕೊಡ್ತೀನಿ," ಎಂದ ಶಿವನಂಜ.

"ನಾವು ತಿರುಪೆಯವರಲ್ಲ ಸ್ವಾಮಿ."

ಮಡಿಲು ಬಿಚ್ಚಿ ಕೊಡವಿಕೊಂಡು ಹೊರಟುಹೋದಳು.

ಸೊಪ್ಪು ಹುಡುಕಿಕೊಂಡು ಅವಳು ದೂರದ ಗುಡ್ಡ ಹತ್ತಿದಳು. ಇತ್ತ ಹಸಿವು ತಾಳಲಾರದೆ ಸಣ್ಣ ಮಗು ಮನೆಯ ಬೇಲಿಯಲ್ಲಿದ್ದ ಯಾವುದೋ ಕಾಯಿ ಕಿತ್ತು ತಿಂದಿತು. ತಾಯಿ ಬರುವ ಹೊತ್ತಿಗೆ ಬಾಯಲ್ಲಿ ನೊರೆ. ಅಯ್ಯೋ, ಇನ್ನೂ ಮಾತು ಕಲಿಯುತ್ತಿದ್ದ ಕೂಸು.

ಮಣ್ಣು ಮಾಡಿ ಬಂದ ಮೇಲೆ ಶಿವನಂಜ ಗುರುಗಳ ಕಾಲ ಬುಡದಲ್ಲಿ ಕುಸಿದ. ದುಃಖದ ಜೊತೆಗೆ ಸಿಟ್ಟೂ ಬಂದಿತ್ತು.

"ಅವಳು ಅದನ್ನೇ ಬೇಯಿಸಿ ಮಕ್ಕಳಿಗೆ ಹಾಕ್ತಿದ್ದಳು ಅಂತ ಒಂದು ಮಾತು ಹೇಳಬಾರದಿತ್ತೇ ಬುದ್ಧಿ?"

"ಹೇಳಿದ್ದರೆ ಏನು ಮಾಡ್ತಿದ್ದೆ?"

"ನಾನೇ ಕಿತ್ತು, ಅವಳ ಮನೆ ಬಾಗಿಲಿಗೆ ಕೊಟ್ಟು ಬರ್ತಿದ್ದೆ."

"ಅದಕ್ಕೇ ಹೇಳಲಿಲ್ಲ," ಎಂದರು ಮರುಳಯ್ಯನವರು. "ಆ ಪಾಪದಲ್ಲಿ ನನ್ನ ಪಾಲೂ ಇದೆ, ಮಗ."

ಶಿವನಂಜ ಬಿಕ್ಕಿ ಬಿಕ್ಕಿ ಅತ್ತ.

"ಏನಾದರೂ ಶಿಕ್ಷೆ ಕೊಡಿ. ಹೊಡೀರಿ, ಮಠ ಬಿಟ್ಟು ಓಡಿಸಿ. ನಾನೀಗ ಏನು ಮಾಡಲಿ?"

ಗುರುಗಳು ಅವನನ್ನು ಎಬ್ಬಿಸಿ ಕೂರಿಸಿದರು.

"ಮಳೆ ಬಿದ್ದರೆ ಸೊಪ್ಪು ಮತ್ತೆ ಹುಟ್ಟುತ್ತೆ. ಉಳಿದೊಂದು ಮಗುವಿಗೋಸ್ಕರ ಅವಳು ಬಂದೇ ಬರ್ತಾಳೆ. ಆಗ ನೀನು ನಿದ್ದೆ ಬಂದವನ ಹಾಗೆ ಮಲಗಿರು."