ಸರಸಕ್ಕನ ಮರಿಗಳು ಮೊದಲು ಕೇಳಿದ ದನಿ

ಹುಲಿಗುಡ್ಡದ ಕಾಡಿನ ಲಂಟಾನ ಪೊದೆಯಲ್ಲಿ ಸರಸಕ್ಕ ಎಂಬ ಕಾಡುಕೋಳಿ ಐದು ಮೊಟ್ಟೆಗಳಿಗೆ ಕಾವು ಕೊಡುತ್ತ ಕೂತಿದ್ದಳು. ಪಕ್ಕದ ಬಿಲದಲ್ಲಿ ಮುಳ್ಳುಹಂದಿ ಬೋರಣ್ಣನ ವಾಸ. ಆ ಕಾಡಿನಲ್ಲಿ, ಮಕ್ಕಳೇ, ಎಲ್ಲರ ಕೈಯಲ್ಲೂ ಮೊಬೈಲು. ಕೈ ಇಲ್ಲದವರು ಕೊಕ್ಕಿನಿಂದ ಕುಕ್ಕುತ್ತಿದ್ದರು.

ಕಾಡುಕೋಳಿಗಳಲ್ಲಿ ಒಂದು ಪದ್ಧತಿ. ಮೊಟ್ಟೆ ಒಡೆಯುವ ಹೊತ್ತಿಗೆ ಅಜ್ಜಿ ಬಂದು ಕರೆಯುವ ಹಾಡು ಹೇಳಬೇಕು. ಯಾಕೆಂದರೆ ಮರಿಗಳು ಮೊದಲು ಯಾರ ದನಿ ಕೇಳುತ್ತವೋ ಅವರ ಹಿಂದೆಯೇ ಹೋಗುತ್ತವೆ. ಸರಸಕ್ಕನ ಅಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಸದ್ಯ, ಅವಳ ಹಾಡು ರೆಕಾರ್ಡ್ ಆಗಿತ್ತು. ಅದನ್ನು ಸರಸಕ್ಕ 'ಗಗನಗಾನ' ಎಂಬ ಆ್ಯಪ್‌ಗೆ ಏರಿಸಿ, ಸುಮ್ಮನೆ ಜಾಗ ತಿನ್ನುತ್ತದೆಂದು ಮೊಬೈಲಿನಿಂದ ಅಳಿಸಿಬಿಟ್ಟಿದ್ದಳು.

"ತಂಗೀ, ಆ ಹಾಡಿನ ಒಂದು ಪ್ರತಿ ನನ್ನ ಸರ್ವರ್‌ನಲ್ಲೂ ಇರಲಿ. ತಂತಿ ಎಳೆದು ನಿನ್ನ ಪೊದೆಗೇ ಕೇಳಿಸ್ತೀನಿ. ನಡುವೆ ಯಾರೂ ಬಾಯಿ ಹಾಕಲ್ಲ" ಎಂದ ಬೋರಣ್ಣ.

ಬೋರಣ್ಣನ ಸರ್ವರ್ ಎಂದರೆ ಬಿಲದ ಮೂಲೆಯಲ್ಲಿ ಗುರ್ರೆನ್ನುವ ಒಂದು ಹಳೇ ಪೆಟ್ಟಿಗೆ. ಕಾಡಿನ ಹಾಡುಗಳನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದ. ಅರ್ಧ ದಿನ ಅದರ ಧೂಳು ಊದುತ್ತಿದ್ದ, ಇನ್ನರ್ಧ ದಿನ ಮುಳ್ಳಿಗೆ ಸಿಕ್ಕಿಕೊಂಡ ತಂತಿ ಬಿಡಿಸುತ್ತಿದ್ದ. ಹಾಡು ಕೇಳಲು ಪಾಪ, ಪುರಸೊತ್ತೇ ಇರಲಿಲ್ಲ.

ಸರಸಕ್ಕ ಕೊಕ್ಕೊಕ್ಕೋ ಎಂದು ನಕ್ಕಳು. "ನೀನು ತಂತಿ ಎಳೆದು ಮುಗಿಸೋ ಹೊತ್ತಿಗೆ ನನ್ನ ಮರಿಗಳೇ ಮೊಟ್ಟೆ ಇಡ್ತವೆ, ಬೋರಣ್ಣ! ಗಗನಗಾನದಲ್ಲಿ ಒಂದು ಸಲ ಕುಕ್ಕಿದ್ರೆ ಸಾಕು. ಅದೂ ಪುಕ್ಕಟೆ."

"ಪುಕ್ಕಟೆ ಅಂದ್ರೆ ಮೊದಲು ಜಾಹೀರಾತು ಬರುತ್ತಲ್ಲ?"

"ಬಂದ್ರೆ ಬರಲಿ ಬಿಡು, ಅರೆಗಳಿಗೆ!"

ಪೊದೆಯಾಚೆ ನಿಂತಿದ್ದ ನರಿ ಇದನ್ನೆಲ್ಲ ಕೇಳಿಸಿಕೊಂಡ. ನೆಟ್ಟಗೆ ಗಗನಗಾನದವರ ಬಳಿ ಹೋದ.

ನಾಲ್ಕನೇ ದಿನ ಬೆಳಿಗ್ಗೆ ಚಿಪ್ಪುಗಳು ಬಿರಿದವು. "ಅಮ್ಮಾ, ನಿನ್ನ ಮೊಮ್ಮಕ್ಕಳು ಬಂದ್ವು" ಎಂದು ಮನಸ್ಸಿನಲ್ಲೇ ಅಂದುಕೊಂಡು, ಕಣ್ಣು ತುಂಬಿಕೊಂಡು ಸರಸಕ್ಕ ಮೊಬೈಲು ಕುಕ್ಕಿದಳು.

"ಬನ್ನಿ ಮಕ್ಕಳೇ ಬನ್ನಿ! ನರಿಮಾವನ ಮನೇಲಿ ಗೆದ್ದಲೂಟ!" ಎಂದಿತು ಮೊಬೈಲು.

ಐದೂ ಮರಿಗಳು ಕತ್ತೆತ್ತಿದವು. ಅಷ್ಟರಲ್ಲಿ ಕಾಲುದಾರಿಯ ಆಚೆಯಿಂದ ಅದೇ ದನಿ, ಅದೇ ಮಾತು, ನರಿಯ ಸ್ವಂತ ಬಾಯಿಂದಲೇ ಕೇಳಿಸಿತು. ಮರಿಗಳು ಬಿದ್ದು ಎದ್ದು ಅತ್ತ ಓಡಿದವು. ಹಿಂದೆ ಮೊಬೈಲಿನಲ್ಲಿ ಅಜ್ಜಿಯ ಹಾಡು ಶುರುವಾಯಿತು. ಒಂದಾದರೂ ತಿರುಗಿ ನೋಡಲಿಲ್ಲ.

"ಬೋರಣ್ಣಾ, ನನ್ನ ಮಕ್ಕಳು!" ಸರಸಕ್ಕನ ಜೀವ ಬಾಯಿಗೆ ಬಂದಿತ್ತು.

ಬೋರಣ್ಣ ಮೈಗೆ ಸಿಕ್ಕಿಕೊಂಡಿದ್ದ ತಂತಿಗಳ ಸಮೇತ ಓಡಿಬಂದು, ಮರಿಗಳಿಗೂ ನರಿಗೂ ನಡುವೆ ಬೆನ್ನು ತಿರುಗಿಸಿ ನಿಂತ. ಬಾಯಿ ತೆರೆದು ಕಾದಿದ್ದ ನರಿಗೆ ದಕ್ಕಿದ್ದು ಮೂಗಿನ ತುಂಬ ಮುಳ್ಳು. ಕುಯ್ಯೋ ಮುರ್ರೋ ಎನ್ನುತ್ತ ಕಾಲಿಗೆ ಬುದ್ಧಿ ಹೇಳಿದ.

ಅವತ್ತೇ ಸರಸಕ್ಕ ಅಮ್ಮನ ಹಾಡನ್ನು ಬೋರಣ್ಣನ ಸರ್ವರ್‌ಗೆ ಕೊಟ್ಟಳು. ಈಗ ದಿನಾ ಅದು ಪೊದೆಯಲ್ಲಿ ಸೊಗಸಾಗಿ ಕೇಳಿಸುತ್ತದೆ. ಮರಿಗಳು ಕೇಳುತ್ತವೆ, ತಲೆಯನ್ನೂ ತೂಗುತ್ತವೆ. ಆದರೆ ಆ ಕರೆಗೆ ಬರುವುದಿಲ್ಲ. ಸರಸಕ್ಕನಿಗೆ ಅದೇ ದೊಡ್ಡ ಸಂಕಟ. ಸಂಜೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳಬೇಕಾದಾಗ, ಯಾರೂ ನೋಡುತ್ತಿಲ್ಲವಷ್ಟೇ ಎಂದು ಅತ್ತಿತ್ತ ಕತ್ತು ಹೊರಳಿಸಿ, ದನಿ ದಪ್ಪ ಮಾಡಿಕೊಂಡು ಕೂಗುತ್ತಾಳೆ:

"ಬನ್ನಿ ಮಕ್ಕಳೇ ಬನ್ನಿ! ನರಿಮಾವನ ಮನೇಲಿ ಗೆದ್ದಲೂಟ!"

ನೀತಿ: ಮನೆಯವರ ದನಿಯನ್ನು ಮನೆಯಲ್ಲೇ ಕಾಪಾಡಿಕೊಳ್ಳಬೇಕು; ಪುಕ್ಕಟೆ ಸಿಕ್ಕಿತೆಂದು ಪರರಿಗೆ ಒಪ್ಪಿಸಿದರೆ, ಮಕ್ಕಳ ಕಿವಿಗೆ ಮೊದಲು ಬೀಳುವುದು ಪರರ ಮಾತೇ.